ಮೆದುಳಿನ ಚಿತ್ರ: ಕೇಳಿದ ಪ್ರಶ್ನೆಗಷ್ಟೇ ಉತ್ತರ

ಹೊಟ್ಟೆನೋವೆಂದು ಹೋದರೆ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡುತ್ತಾರೆ. ಕೆಮ್ಮು ಎಂದರೆ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಆಲಿಸುತ್ತಾರೆ. ಮೆದುಳಿನ ವಿಷಯದಲ್ಲಿ ಇವೆರಡೂ ಸಾಧ್ಯವಿಲ್ಲ. ಸುಮಾರು 1.3 ಕಿಲೋಗ್ರಾಂ ತೂಗುವ ಈ ಮೃದುವಾದ ಅಂಗವನ್ನು ನಿಸರ್ಗವು ಗಟ್ಟಿ ಮೂಳೆಯ ಪೆಟ್ಟಿಗೆಯೊಳಗೆ, ಮೂರು ಪೊರೆಗಳ ಹೊದಿಕೆಯಲ್ಲಿ, ದ್ರವದಲ್ಲಿ ತೇಲುವಂತೆ ಇರಿಸಿದೆ. ರಕ್ಷಣೆಗೆ ಇದು ಬಹಳ ಒಳ್ಳೆಯ ಏರ್ಪಾಡು. ಆದರೆ ರೋಗ ಬಂದಾಗ ಒಳಗೇನಾಗಿದೆ ಎಂದು ತಿಳಿಯುವುದು ಮಾತ್ರ ಕಷ್ಟ.

1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ. ಈ ಕಿರಣಗಳಿಂದ ತಲೆಬುರುಡೆಯ ಚಿತ್ರ ದೊರೆಯಿತೇ ಹೊರತು ಮೆದುಳಿನ ಚಿತ್ರ ದೊರೆಯಲಿಲ್ಲ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಕ್ಷ-ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ಮೆದುಳಿನ ಊತಕವಾದರೋ ಹೆಚ್ಚುಕಡಿಮೆ ನೀರಿನಂತೆಯೇ ವರ್ತಿಸುತ್ತದೆ. ಹೀಗಾಗಿ ಅದರೊಳಗಿನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. 1919ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಒಂದು ಉಪಾಯ ಹೂಡಿದ. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ಅದರ ಬದಲು ಗಾಳಿ ತುಂಬಿದರೆ, ಗಾಳಿ ಮೇಲೇರಿ ಮೆದುಳಿನ ಕುಹರಗಳನ್ನು ಸೇರುತ್ತದೆ. ಆಗ ಕುಹರಗಳ ಆಕಾರ ಕ್ಷ-ಕಿರಣ ಚಿತ್ರದಲ್ಲಿ ಮೂಡುತ್ತದೆ. ಕುಹರ ಒಂದು ಪಕ್ಕಕ್ಕೆ ಸರಿದಿದ್ದರೆ ಅಲ್ಲೆಲ್ಲೋ ಗೆಡ್ಡೆಯಿದೆ ಎಂದು ಊಹೆ! ರೋಗಿಗೆ ತಡೆಯಲಾರದ ತಲೆನೋವು, ವಾಂತಿ. ಆದರೂ ಸುಮಾರು 50 ವರ್ಷ ಇದೇ ವಿಧಾನ ಬಳಕೆಯಲ್ಲಿತ್ತು.

ಇಂದು ಹಲವು ಯಂತ್ರಗಳಿವೆ. ಸಿ.ಟಿ., ಎಂ.ಆರ್.ಐ., ಪೆಟ್ ಎಂಬ ಹೆಸರುಗಳು ಜಿಲ್ಲಾ ಕೇಂದ್ರಗಳ ಬೋರ್ಡುಗಳ ಮೇಲೂ ಕಾಣುತ್ತವೆ. ಆದರೆ ಈ ಯಂತ್ರಗಳು ಕೊಡುವ ಚಿತ್ರ ಕ್ಯಾಮೆರಾದ ಫೋಟೊದಂಥದ್ದಲ್ಲ. ಪ್ರತಿಯೊಂದು ಯಂತ್ರವೂ ಊತಕಕ್ಕೆ ಭೌತವಿಜ್ಞಾನದ ಒಂದು ಪ್ರಶ್ನೆ ಕೇಳುತ್ತದೆ. ಬಂದ ಉತ್ತರವನ್ನು ಕಪ್ಪು-ಬಿಳುಪಿನ ನಕ್ಷೆಯಾಗಿ ಬರೆಯುತ್ತದೆ. ಪ್ರಶ್ನೆ ಯಾವುದು ಎಂದು ತಿಳಿಯದಿದ್ದರೆ ಉತ್ತರವನ್ನು ತಪ್ಪಾಗಿ ಓದುವ ಸಾಧ್ಯತೆ ಇದೆ. ಈ ಲೇಖನದ ತಿರುಳು ಇಷ್ಟೆ.

ಸಿ.ಟಿ.: ನೀನು ಎಷ್ಟು ಕಿರಣವನ್ನು ತಡೆಯುತ್ತೀಯೆ?

ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಒಂದರ ಹಿಂದೆ ಒಂದಿರುವ ಭಾಗಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ನಮಗೆ ಸಿಗುವುದು ಕಿರಣದ ದಾರಿಯುದ್ದಕ್ಕೂ ಆದ ಹೀರಿಕೆಯ ಮೊತ್ತ ಮಾತ್ರ. ಮೊತ್ತಗಳಿಂದ ಬಿಡಿ ಸಂಖ್ಯೆಗಳನ್ನು ಪತ್ತೆ ಮಾಡಬಹುದೆ? ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಎರಡು ಸಾಲು, ಎರಡು ಕಂಬಗಳಲ್ಲಿ ನಾಲ್ಕು ಮನೆಗಳಿವೆ. ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಸಂಖ್ಯೆ ಇದೆ. ಮೇಲಿನ ಸಾಲಿನ ಮೊತ್ತ 7, ಕೆಳಗಿನದು 5. ಎಡಗಂಬದ ಮೊತ್ತ 6, ಬಲಗಂಬದ್ದೂ 6. ಇಷ್ಟರಿಂದಲೇ ಉತ್ತರ ಸಿಗದು. ಹಲವು ಉತ್ತರಗಳು ಹೊಂದುತ್ತವೆ. ಮೇಲಿನ ಎಡ ಮನೆಯಿಂದ ಕೆಳಗಿನ ಬಲ ಮನೆಗೆ ಎಳೆದ ಕರ್ಣದ ಮೊತ್ತ 9 ಎಂದು ಹೇಳಿದ ಕೂಡಲೇ ಉತ್ತರ ಒಂದೇ ಆಗುತ್ತದೆ: ಮೇಲೆ 5 ಮತ್ತು 2, ಕೆಳಗೆ 1 ಮತ್ತು 4. ಹೊಸ ಕೋನದಿಂದ ನೋಡಿದಷ್ಟೂ ಗುಟ್ಟು ಬಯಲಾಗುತ್ತದೆ. ಸಿ.ಟಿ. ಯಂತ್ರ ಮಾಡುವುದೂ ಇದನ್ನೇ. ತಲೆಯ ಸುತ್ತ ನೂರಾರು ಕೋನಗಳಿಂದ ಕಿರಣ ಹಾಯಿಸಿ, ಲಕ್ಷಾಂತರ ಮನೆಗಳ ಬೆಲೆಯನ್ನು ಲೆಕ್ಕ ಹಾಕುತ್ತದೆ.

ಈ ಗಣಿತವನ್ನು ಅಲನ್ ಕಾರ್ಮ್ಯಾಕ್ ಬಿಡಿಸಿದ್ದ. ಯಂತ್ರವನ್ನು ಕಟ್ಟಿದವನು ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಚಿತ್ರ ತೆಗೆಯಲಾಯಿತು. ಆ ಚಿತ್ರದಲ್ಲಿ ಇದ್ದದ್ದು 80ಕ್ಕೆ 80 ಮನೆಗಳಷ್ಟೇ. ಆದರೂ ಮೆದುಳಿನ ಮುಂಭಾಗದ ಗೆಡ್ಡೆ ಅದರಲ್ಲಿ ಕಾಣಿಸಿತು. ಇಬ್ಬರಿಗೂ 1979ರ ನೊಬೆಲ್ ಪಾರಿತೋಷಕ ದೊರೆಯಿತು. ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ, ಮೊತ್ತಗಳಿಂದ ಚಿತ್ರವನ್ನು ಬೇಗ ಹಾಗೂ ನಿಖರವಾಗಿ ಕಟ್ಟುವ ಗಣಿತ ವಿಧಾನವೊಂದನ್ನು ಪ್ರಕಟಿಸಿದರು. ಇಬ್ಬರ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದ 'ರಾಮ್-ಲಕ್ ಫಿಲ್ಟರ್' ಇಂದಿಗೂ ಸಿ.ಟಿ. ಪಠ್ಯಪುಸ್ತಕಗಳಲ್ಲಿದೆ.

ಸಿ.ಟಿ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆಯುಂಟು. ನೀರಿಗೆ 0, ಗಾಳಿಗೆ -1000. ಮೆದುಳಿನ ಊತಕಕ್ಕೆ ಸುಮಾರು 25ರಿಂದ 40. ಆಗತಾನೇ ಸುರಿದು ಹೆಪ್ಪುಗಟ್ಟಿದ ರಕ್ತಕ್ಕೆ ಸುಮಾರು 60ರಿಂದ 80. ಆದ್ದರಿಂದ ಮೆದುಳಿನೊಳಗೆ ರಕ್ತ ಸುರಿದಿದ್ದರೆ ಸಿ.ಟಿ.ಯಲ್ಲಿ ಅದು ಬಿಳಿಯಾಗಿ ಎದ್ದು ಕಾಣುತ್ತದೆ.

ಲಕ್ವ: ಎರಡು ಕಾರಣ, ವಿರುದ್ಧ ಚಿಕಿತ್ಸೆ

ಈ ಬಿಳಿ ಬಣ್ಣಕ್ಕೆ ಒಂದು ಜೀವದ ಬೆಲೆ ಇದೆ. ಲಕ್ವ ಅಥವಾ ಪಾರ್ಶ್ವವಾಯುವಿಗೆ ಎರಡು ಕಾರಣಗಳು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಲ್ಲುವುದು ಒಂದು. ರಕ್ತನಾಳ ಒಡೆದು ರಕ್ತ ಸುರಿಯುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಮುಖ ಸೊಟ್ಟಗಾಗುತ್ತದೆ, ಒಂದು ಕೈ ಸೋಲುತ್ತದೆ, ಮಾತು ತೊದಲುತ್ತದೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಔಷಧ ಕೊಡಬೇಕು. ರಕ್ತ ಸುರಿದಿದ್ದಾಗ ಅದೇ ಔಷಧ ಕೊಟ್ಟರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ತಾವಾಗಿಯೇ ಆಸ್ಪಿರಿನ್ ನುಂಗಿಸಬಾರದು ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ಹೆಪ್ಪು ಕರಗಿಸುವ ಔಷಧವನ್ನು 3 ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂದು 1995ರಲ್ಲಿ ಸಿದ್ಧವಾಯಿತು. 2008ರಲ್ಲಿ ಈ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದೊಡ್ಡ ರಕ್ತನಾಳ ಮುಚ್ಚಿಹೋದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಅಂದಾಜು 2006ರಲ್ಲಿ ಪ್ರಕಟವಾಯಿತು. ಆದ್ದರಿಂದ ಆ ಹೊತ್ತಿನಲ್ಲಿ ವೈದ್ಯರ ಮುಂದಿರುವ ಮೊದಲ ಪ್ರಶ್ನೆ ಒಂದೇ: ರಕ್ತ ಸುರಿದಿದೆಯೆ, ಇಲ್ಲವೆ? ಸಿ.ಟಿ. ಇದಕ್ಕೆ ಕೆಲವೇ ನಿಮಿಷಗಳಲ್ಲಿ ಉತ್ತರಿಸುತ್ತದೆ. 'ಸಿ.ಟಿ. ಹಳೆಯದು, ಎಂ.ಆರ್.ಐ. ಇರುವ ಊರಿಗೇ ಹೋಗೋಣ' ಎಂದು ಮನೆಯವರು ಹೊರಟು ಕೂತರೆ ದಾರಿಯಲ್ಲಿ ಕಳೆಯುವುದು ಗಂಟೆಗಳನ್ನು ಮಾತ್ರವಲ್ಲ, ಮೆದುಳನ್ನೂ ಹೌದು.

ಇದರ ಇನ್ನೊಂದು ಮುಖವನ್ನೂ ಗಮನಿಸಿ. ಹೆಪ್ಪಿನಿಂದಾದ ಲಕ್ವದಲ್ಲಿ ಮೊದಲ ಕೆಲವು ಗಂಟೆ ಸಿ.ಟಿ. ಚಿತ್ರ ಬಹುಪಾಲು ಸಹಜವಾಗಿಯೇ ಕಾಣಬಹುದು. ನರಕೋಶಗಳು ಸಾಯುತ್ತಿದ್ದರೂ ಊತಕದ ಸಾಂದ್ರತೆ ಅಷ್ಟು ಬೇಗ ಬದಲಾಗುವುದಿಲ್ಲ. ಯಂತ್ರ ಕೇಳಿದ್ದು ಸಾಂದ್ರತೆಯ ಪ್ರಶ್ನೆಯನ್ನು. ಕೊಟ್ಟ ಉತ್ತರವೂ ಅದಕ್ಕೇ. 'ಸಿ.ಟಿ. ನಾರ್ಮಲ್' ಎಂದರೆ 'ಲಕ್ವ ಆಗಿಲ್ಲ' ಎಂದು ಅರ್ಥವಲ್ಲ. ರಕ್ತ ಸುರಿದಿಲ್ಲ, ಔಷಧದ ಬಾಗಿಲು ತೆರೆದಿದೆ ಎಂದು ಅರ್ಥ.

ಎಂ.ಆರ್.ಐ.: ನಿನ್ನ ಪ್ರೋಟಾನುಗಳು ಹೇಗೆ ವರ್ತಿಸುತ್ತವೆ?

ಮೆದುಳಿನ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ನೀರು. ನೀರಿನ ಪ್ರತಿ ಅಣುವಿನಲ್ಲಿ ಎರಡು ಹೈಡ್ರೊಜನ್ ಪರಮಾಣುಗಳು. ಅವುಗಳ ನ್ಯೂಕ್ಲಿಯಸ್ಸಾದ ಪ್ರೋಟಾನು ಒಂದು ಪುಟ್ಟ ಕಾಂತ. ಪ್ರಬಲ ಕಾಂತಕ್ಷೇತ್ರದಲ್ಲಿ ಈ ಪುಟ್ಟ ಕಾಂತಗಳು ವಾಲಿ ತಿರುಗುವ ಬುಗುರಿಯಂತೆ ಕ್ಷೇತ್ರದ ದಿಕ್ಕಿನ ಸುತ್ತ ತಿರುಗುತ್ತವೆ. 1 ಟೆಸ್ಲಾ ಕ್ಷೇತ್ರದಲ್ಲಿ ಅವುಗಳ ಆವೃತ್ತಿ 42.58 ಮೆಗಾಹರ್ಟ್ಸ್. ಆಸ್ಪತ್ರೆಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್. ಇದು ರೇಡಿಯೊ ಅಲೆಗಳ ವಲಯ. ಅದೇ ಆವೃತ್ತಿಯ ರೇಡಿಯೊ ಅಲೆ ಕಳಿಸಿದರೆ ಪ್ರೋಟಾನುಗಳು ಅನುರಣನಗೊಂಡು ಶಕ್ತಿ ಹೀರುತ್ತವೆ. ಅಲೆ ನಿಲ್ಲಿಸಿದಾಗ ಸಂಕೇತ ಹೊರಸೂಸುತ್ತಾ ಮೊದಲಿನ ಸ್ಥಿತಿಗೆ ಮರಳುತ್ತವೆ.

ಈ ಸಂಕೇತ ಎಷ್ಟು ಕ್ಷೀಣ ಗೊತ್ತೆ? 1.5 ಟೆಸ್ಲಾದಲ್ಲೂ ಕ್ಷೇತ್ರದ ಕಡೆ ವಾಲಿರುವ ಪ್ರೋಟಾನುಗಳು ಎದುರು ದಿಕ್ಕಿನವಕ್ಕಿಂತ ಹೆಚ್ಚಾಗಿರುವುದು ಹತ್ತು ಲಕ್ಷಕ್ಕೆ ಸುಮಾರು 5 ಮಾತ್ರ. ಉಳಿದವೆಲ್ಲ ಪರಸ್ಪರ ರದ್ದಾಗುತ್ತವೆ. ಆದರೆ ಒಂದು ಘನ ಮಿಲಿಮೀಟರ್ ನೀರಿನಲ್ಲಿ ಇಂಥ ಹೆಚ್ಚುವರಿ ಪ್ರೋಟಾನುಗಳು ಸುಮಾರು 300 ಲಕ್ಷ ಕೋಟಿ ಇರುವುದರಿಂದ ಸಂಕೇತ ಅಳೆಯುವಷ್ಟಾಗುತ್ತದೆ.

ದ್ರವ ಮತ್ತು ಘನ ವಸ್ತುಗಳಲ್ಲಿ ಈ ಅನುರಣನವನ್ನು 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ತೋರಿಸಿಕೊಟ್ಟರು. ಐದು ವರ್ಷ ಕಳೆಯುವಷ್ಟರಲ್ಲಿ, ಅಂದರೆ 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಿಂದ ಬರುವ ಅನುರಣನ ಸಂಕೇತ ನಿಂತ ದ್ರವದ್ದಕ್ಕಿಂತ ಬೇರೆ ಎಂದು ಪ್ರಯೋಗದಿಂದ ಕಂಡುಕೊಂಡರು. ಇಂದು ಎಂ.ಆರ್.ಐ.ಯಿಂದ ರಕ್ತನಾಳಗಳ ಚಿತ್ರ ತೆಗೆಯುವಾಗ ಬಳಕೆಯಾಗುವ ಮೂಲ ವಿಚಾರ ಇದೇ. ಸಂಕೇತ ಎಲ್ಲಿಂದ ಬಂತು ಎಂದು ತಿಳಿಯುವ ದಾರಿಯನ್ನು 1973ರಲ್ಲಿ ಪಾಲ್ ಲಾಟರ್‌ಬರ್ ತೋರಿಸಿದ. ಕಾಂತಕ್ಷೇತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತುಸು ತುಸುವೇ ಹೆಚ್ಚಿಸಿದರೆ ಪ್ರತಿ ಜಾಗದ ಆವೃತ್ತಿಯೂ ಬೇರೆಯಾಗುತ್ತದೆ. ಆವೃತ್ತಿಯೇ ವಿಳಾಸವಾಗುತ್ತದೆ! ಪೀಟರ್ ಮ್ಯಾನ್ಸ್‌ಫೀಲ್ಡ್ ಇದನ್ನು ವೇಗಗೊಳಿಸಿದ. ಇಬ್ಬರಿಗೂ 2003ರಲ್ಲಿ ನೊಬೆಲ್ ಸಂದಿತು.

ಇಲ್ಲಿ ನ್ಯೂಕ್ಲಿಯಸ್ ಎಂಬ ಪದ ಬಂದರೂ ವಿಕಿರಣಶೀಲತೆಗೂ ಇದಕ್ಕೂ ಸಂಬಂಧವಿಲ್ಲ. ಅಪಾಯವಿರುವುದು ಕಬ್ಬಿಣದಿಂದ. ಆಮ್ಲಜನಕದ ಸಿಲಿಂಡರನ್ನೂ ಎಳೆದುಕೊಳ್ಳಬಲ್ಲ ಕಾಂತ ಅದು. ದೇಹದೊಳಗೆ ಪೇಸ್‌ಮೇಕರ್, ಲೋಹದ ಕ್ಲಿಪ್ ಅಥವಾ ಚೂರು ಇದ್ದರೆ ಮೊದಲೇ ಹೇಳಲೇಬೇಕು.

ನೀರು ನಡೆಯುವ ದೂರ

ಎಂ.ಆರ್.ಐ.ಯ ವಿಶೇಷವೆಂದರೆ ಒಂದೇ ಯಂತ್ರ ಹಲವು ಪ್ರಶ್ನೆ ಕೇಳಬಲ್ಲದು. ಪ್ರೋಟಾನುಗಳು ಎಷ್ಟು ಬೇಗ ಮೊದಲಿನ ಸ್ಥಿತಿಗೆ ಮರಳುತ್ತವೆ ಎಂದು ಕೇಳಿದರೆ ಒಂದು ಚಿತ್ರ. ನೀರಿನ ಅಣುಗಳು ಎಷ್ಟು ದೂರ ಅಲೆಯುತ್ತವೆ ಎಂದು ಕೇಳಿದರೆ ಇನ್ನೊಂದು. ಎರಡನೆಯದನ್ನು ವಿಸರಣಾ ಚಿತ್ರಣ ಎನ್ನಬಹುದು. ಫ್ರಾನ್ಸಿನ ಡೆನಿ ಲ ಬಿಹಾನ್ 1980ರ ದಶಕದ ನಡುವೆ ಇದನ್ನು ರೂಪಿಸಿದ.

ಮೆದುಳಿನೊಳಗೆ ನೀರಿನ ಅಣು 50 ಮಿಲಿಸೆಕೆಂಡಿನಲ್ಲಿ ಸರಾಸರಿ 9 ಮೈಕ್ರೋಮೀಟರಿನಷ್ಟು ಅಲೆಯುತ್ತದೆ. ಇದು ಹೆಚ್ಚುಕಡಿಮೆ ಒಂದು ಜೀವಕೋಶದ ಅಳತೆ. ಹಾಗಾಗಿ ಜೀವಕೋಶದ ಸ್ಥಿತಿ ಬದಲಾದರೆ ಈ ಅಲೆದಾಟವೂ ಬದಲಾಗುತ್ತದೆ. ರಕ್ತ ನಿಂತ ಕೂಡಲೇ ಕೋಶದ ಪೊರೆಯಲ್ಲಿರುವ ಅಯಾನು ಪಂಪುಗಳಿಗೆ ಶಕ್ತಿ ಸಿಗದು. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶಗಳು ಊದಿ ಕೋಶಗಳ ನಡುವಿನ ಓಣಿ ಕಿರಿದಾಗುತ್ತದೆ. ನೀರಿನ ಓಡಾಟಕ್ಕೆ ಕಟ್ಟು ಬೀಳುತ್ತದೆ. 1990ರಲ್ಲಿ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಇತರ ಚಿತ್ರಗಳಲ್ಲಿ ಏನೂ ಕಾಣದಿದ್ದಾಗಲೇ ವಿಸರಣಾ ಚಿತ್ರದಲ್ಲಿ ಪೆಟ್ಟುಬಿದ್ದ ಭಾಗ ಹೊಳೆಯಿತು.

ಇಲ್ಲಿಂದ ಒಂದು ಸುಂದರವಾದ ಉಪಯೋಗ ಹುಟ್ಟಿತು. ರಾತ್ರಿ ಚೆನ್ನಾಗಿಯೇ ಮಲಗಿದವರು ಬೆಳಿಗ್ಗೆ ಎದ್ದಾಗ ಕೈಕಾಲು ಸ್ವಾಧೀನದಲ್ಲಿಲ್ಲ. ಲಕ್ವ ಹೊಡೆದದ್ದು ಯಾವಾಗ? ಗೊತ್ತಿಲ್ಲದಿದ್ದರೆ ನಾಲ್ಕೂವರೆ ಗಂಟೆಯ ಲೆಕ್ಕ ಎಲ್ಲಿಂದ? ವಿಸರಣಾ ಚಿತ್ರ ನಿಮಿಷಗಳಲ್ಲಿ ಬದಲಾಗುತ್ತದೆ. ಫ್ಲೇರ್ ಎಂಬ ಮತ್ತೊಂದು ಬಗೆಯ ಚಿತ್ರ ಬದಲಾಗಲು ಹಲವು ಗಂಟೆ ಬೇಕು. ಮೊದಲನೆಯದರಲ್ಲಿ ಕಲೆ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಲಕ್ವ ಹೊಡೆದು ಬಹಳ ಹೊತ್ತಾಗಿರಲಾರದು. ಹೀಗೆ ಚಿತ್ರವನ್ನೇ ಗಡಿಯಾರವಾಗಿಸಿ, ಇಂಥವರಿಗೂ ಔಷಧ ಕೊಡಬಹುದೆಂದು 2018ರಲ್ಲಿ ಯುರೋಪಿನ ಪ್ರಯೋಗವೊಂದು ತೋರಿಸಿತು. ಅದೇ ವರ್ಷ ಪ್ರಕಟವಾದ ಇನ್ನೆರಡು ಪ್ರಯೋಗಗಳಲ್ಲಿ, ಇನ್ನೂ ಉಳಿಸಬಹುದಾದ ಊತಕವಿದೆ ಎಂದು ಚಿತ್ರದಲ್ಲಿ ಕಂಡ ಆಯ್ದ ರೋಗಿಗಳಿಗೆ ದೊಡ್ಡ ರಕ್ತನಾಳದ ಹೆಪ್ಪನ್ನು ತಡವಾಗಿ ಎಳೆದು ತೆಗೆದರೂ ಪ್ರಯೋಜನವಾಯಿತು. ಒಂದರಲ್ಲಿ ಈ ಮಿತಿ 16 ಗಂಟೆ, ಇನ್ನೊಂದರಲ್ಲಿ 24 ಗಂಟೆ.

ಒಂದೇ ಚಿತ್ರ, ಎರಡು ರೋಗ

ಇಷ್ಟೆಲ್ಲ ಇದ್ದರೂ ಚಿತ್ರ ತಾನೇ ರೋಗದ ಹೆಸರು ಹೇಳುವುದಿಲ್ಲ. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಸಿ.ಟಿ. ಬಂದ ಮೇಲೆ, ಫಿಟ್ಸ್ ಬಂದ ಅನೇಕ ಮಕ್ಕಳ ಮತ್ತು ಯುವಕರ ಮೆದುಳಿನಲ್ಲಿ ಉಂಗುರದಂಥ ಒಂದು ಚಿಕ್ಕ ಕಲೆ ಕಾಣತೊಡಗಿತು. ಕ್ಷಯ ಹೆಚ್ಚಾಗಿರುವ ದೇಶ; ಇದು ಕ್ಷಯದ ಗಂಟೇ ಇರಬೇಕೆಂದು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡಲಾಗುತ್ತಿತ್ತು. ಕಲೆ ಮಾಯವಾದರೆ 'ಔಷಧ ಫಲಿಸಿತು' ಎಂಬ ನಂಬಿಕೆ ಬೇರೆ! ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರವೈದ್ಯರಾದ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಇಂಥ ಕಲೆಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೆಚ್ಚಿನವು ಕ್ಷಯವಲ್ಲ, ಹಂದಿ ಲಾಡಿಹುಳುವಿನ ಮರಿಗೂಡುಗಳು! 1990ರ ಆಸುಪಾಸಿನಲ್ಲಿ ಪ್ರಕಟವಾದ ಈ ಕೆಲಸ ಚಿಕಿತ್ಸೆಯ ಕ್ರಮವನ್ನೇ ಬದಲಿಸಿತು. ಹುಳುವಿನ ಮೊಟ್ಟೆ ಮನುಷ್ಯನ ಮಲದಿಂದ ನೀರು, ತರಕಾರಿ, ಕೈಗಳ ಮೂಲಕ ಹರಡುವುದರಿಂದ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಇಂಥ ಒಂಟಿ ಕಲೆಗಳಲ್ಲಿ ಅನೇಕವು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ ಎಂಬುದೂ ತಿಳಿಯಿತು. ಎಂ.ಆರ್.ಐ.ಯಲ್ಲಿ ಗೂಡಿನೊಳಗೆ ಹುಳುವಿನ ತಲೆ ಚುಕ್ಕೆಯಾಗಿ ಕಂಡರೆ ಸಂದೇಹವೇ ಉಳಿಯದು.

ಪೆಟ್: ನಾನು ಕಳಿಸಿದ ಅಣು ಎಲ್ಲಿ ಸೇರಿತು?

ಮೂರನೆಯ ಬಗೆಯ ಯಂತ್ರ ರಾಸಾಯನಿಕ ಪ್ರಶ್ನೆ ಕೇಳುತ್ತದೆ. ಗ್ಲೂಕೋಸಿನಂಥ ಅಣುವಿಗೆ ಫ್ಲೋರೀನ್-18 ಎಂಬ ವಿಕಿರಣಶೀಲ ಐಸೊಟೋಪನ್ನು ಅಂಟಿಸಿ ರಕ್ತಕ್ಕೆ ಸೇರಿಸುತ್ತಾರೆ. ಇದರಿಂದ ಹೊರಬಂದ ಪಾಸಿಟ್ರಾನು ಹತ್ತಿರದ ಎಲೆಕ್ಟ್ರಾನಿಗೆ ಎದುರಾಗಿ ಎರಡೂ ಇಲ್ಲವಾಗುತ್ತವೆ. ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಶೋಧಕಗಳು ಈ ಜೋಡಿಯನ್ನು ಹಿಡಿದು ಅದು ಹುಟ್ಟಿದ ಗೆರೆಯನ್ನು ಗುರುತಿಸುತ್ತವೆ. ಫ್ಲೋರೀನ್-18ರ ಅರ್ಧಾಯು ಸುಮಾರು 110 ನಿಮಿಷ ಮಾತ್ರ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಕೆಲವೇ ಗಂಟೆಗಳ ದಾರಿಯಲ್ಲಿರಬೇಕು. ಪೆಟ್ ದುಬಾರಿಯಾಗಲು ಇದೂ ಒಂದು ಕಾರಣ.

ಮರೆಗುಳಿತನ ತರುವ ಅಲ್ಝೈಮರ್ ರೋಗವನ್ನು 1906ರಲ್ಲಿ ಅಲೋಯ್ಸ್ ಅಲ್ಝೈಮರ್ ವರ್ಣಿಸಿದ್ದು ರೋಗಿ ಸತ್ತ ಮೇಲೆ, ಮೆದುಳಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಅಲ್ಲಿ ಕಂಡ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳನ್ನು ಬದುಕಿರುವವರಲ್ಲಿ ಚಿತ್ರಿಸಲು ಸುಮಾರು 100 ವರ್ಷ ಕಾಯಬೇಕಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ರೂಪಿಸಿದ, ಅಮೈಲಾಯ್ಡಿಗೆ ಅಂಟುವ ಅಣುವಿನಿಂದ ತೆಗೆದ ಚಿತ್ರಗಳು 2004ರಲ್ಲಿ ಪ್ರಕಟವಾದವು.

ಇಲ್ಲೂ ನಮ್ಮ ಎಚ್ಚರಿಕೆ ಅನ್ವಯಿಸುತ್ತದೆ. ಈ ಪೆಟ್ ಚಿತ್ರ ಕೇಳುವುದು 'ಅಮೈಲಾಯ್ಡ್ ಇದೆಯೆ?' ಎಂದು, 'ಮರೆವಿನ ರೋಗ ಇದೆಯೆ?' ಎಂದಲ್ಲ. ನೆನಪು ಚುರುಕಾಗಿರುವ ಎಷ್ಟೋ ವೃದ್ಧರಲ್ಲೂ ಅಮೈಲಾಯ್ಡ್ ಕಾಣುತ್ತದೆ. ಅಮೈಲಾಯ್ಡನ್ನು ಕರಗಿಸುವ ಲೆಕಾನೆಮ್ಯಾಬ್ ಮತ್ತು ಡೊನಾನೆಮ್ಯಾಬ್ ಔಷಧಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ಅವು ರೋಗದ ವೇಗವನ್ನು ತುಸು ತಗ್ಗಿಸುತ್ತವೆಯೇ ವಿನಾ ಗುಣಪಡಿಸುವುದಿಲ್ಲ. ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವಗಳ ಅಪಾಯವಿರುವುದರಿಂದ ಆಗಾಗ ಎಂ.ಆರ್.ಐ. ತೆಗೆಯಬೇಕು. 2025ರ ಮೇ ತಿಂಗಳಲ್ಲಿ, ಅಮೈಲಾಯ್ಡಿನ ಸುಳಿವನ್ನು ರಕ್ತದಿಂದಲೇ ಕೊಡುವ ಪರೀಕ್ಷೆಯೊಂದಕ್ಕೂ ಅಲ್ಲಿ ಅನುಮತಿ ಸಿಕ್ಕಿತು. ಅದೂ ಲಕ್ಷಣಗಳಿರುವ 55 ವರ್ಷ ದಾಟಿದವರಿಗೆ ಮಾತ್ರ.

ಬೇಡದ ಪ್ರಶ್ನೆಗೂ ಬೆಲೆ ತೆರಬೇಕು

'ಯಾವ ತೊಂದರೆಯೂ ಇಲ್ಲ, ಸುಮ್ಮನೆ ಒಮ್ಮೆ ಸ್ಕ್ಯಾನ್ ಮಾಡಿಸಿಬಿಡೋಣ' ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ಸಾರ್ವಜನಿಕರಿಂದಲೇ ಆಯ್ದ 2000 ಜನರಿಗೆ ಮೆದುಳಿನ ಎಂ.ಆರ್.ಐ. ಮಾಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಿಗೇ ತಿಳಿಯದಂತೆ ಆಗಿಹೋದ ಸಣ್ಣ ಲಕ್ವದ ಗುರುತು ಶೇಕಡ 7.2 ಜನರಲ್ಲಿ, ರಕ್ತನಾಳದ ಉಬ್ಬು ಶೇಕಡ 1.8 ಜನರಲ್ಲಿ, ನಿರಪಾಯದ ಗೆಡ್ಡೆ ಶೇಕಡ 1.6 ಜನರಲ್ಲಿ ಕಂಡವು. ಇವುಗಳಲ್ಲಿ ಬಹಳಷ್ಟು ಎಂದೂ ತೊಂದರೆ ಕೊಡದಿರಬಹುದು. ಆದರೆ ಒಮ್ಮೆ ಕಂಡ ಮೇಲೆ ನಿದ್ದೆ ಕೆಡುತ್ತದೆ, ಮತ್ತೆ ಮತ್ತೆ ಪರೀಕ್ಷೆ, ಕೆಲವೊಮ್ಮೆ ಬೇಡದ ಶಸ್ತ್ರಚಿಕಿತ್ಸೆ. ಪ್ರಶ್ನೆಯಿಲ್ಲದೆ ಪಡೆದ ಉತ್ತರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದು.

ಹಾಗೆಂದು ಆರೋಗ್ಯವಂತರ ಚಿತ್ರಗಳೇ ಬೇಡವೆಂದಲ್ಲ. ಯಾವುದು ಸಹಜ ಎಂದು ತಿಳಿಯದೆ ಯಾವುದು ರೋಗ ಎಂದು ಹೇಳುವುದು ಹೇಗೆ? ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು, 45 ವರ್ಷ ದಾಟಿದ ಸುಮಾರು 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ರಕ್ತಪರೀಕ್ಷೆ, ನೆನಪಿನ ಪರೀಕ್ಷೆಗಳ ಜೊತೆಗೆ ಎಂ.ಆರ್.ಐ.ಯೂ ಅದರಲ್ಲಿ ಸೇರಿದೆ. ಅಲ್ಲಿ ಪ್ರಶ್ನೆ ಮೊದಲೇ ಸ್ಪಷ್ಟವಾಗಿದೆ: ನಮ್ಮ ಜನರ ಮೆದುಳು ಸಹಜವಾಗಿ ಹೇಗೆ ಮುಪ್ಪಾಗುತ್ತದೆ?

ಯಂತ್ರಗಳು ಎರಡು ದಿಕ್ಕಿಗೆ ಬೆಳೆಯುತ್ತಿವೆ. ಫ್ರಾನ್ಸಿನ ಸಾಕ್ಲೆಯಲ್ಲಿ 11.7 ಟೆಸ್ಲಾ ಯಂತ್ರದಿಂದ ತೆಗೆದ ಮನುಷ್ಯನ ಮೆದುಳಿನ ಮೊದಲ ಚಿತ್ರಗಳು 2024ರಲ್ಲಿ ಹೊರಬಂದವು. ಇನ್ನೊಂದೆಡೆ, ಕೇವಲ 0.064 ಟೆಸ್ಲಾದ, ರೋಗಿಯ ಹಾಸಿಗೆಯ ಬಳಿಗೇ ತಳ್ಳಿಕೊಂಡು ಬರಬಹುದಾದ ಎಂ.ಆರ್.ಐ.ಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರ ಚಿತ್ರ ಮಸುಕು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬೇಕಾದ ಕೆಲವು ಪ್ರಶ್ನೆಗಳಿಗೆ ಮಸುಕಾದ ಉತ್ತರವೂ ಸಾಕಾದೀತು.

ಆದ್ದರಿಂದ ವೈದ್ಯರು ಸ್ಕ್ಯಾನ್ ಬರೆದುಕೊಟ್ಟಾಗ ನೀವು ಕೇಳಬೇಕಾದದ್ದು 'ಇದಕ್ಕಿಂತ ದೊಡ್ಡ ಸ್ಕ್ಯಾನ್ ಇದೆಯೆ?' ಎಂದಲ್ಲ. 'ಇದರಿಂದ ಏನನ್ನು ತಿಳಿಯಬೇಕಾಗಿದೆ, ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೆ?' ಎಂದು ಕೇಳಿ. ಲಕ್ವದ ಲಕ್ಷಣ ಕಂಡಾಗ ಮಾತ್ರ ಈ ಚರ್ಚೆಗೂ ಸಮಯವಿಲ್ಲ. ಆ ವ್ಯಕ್ತಿ ಕೊನೆಯ ಬಾರಿಗೆ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಂಡು, ಸಿ.ಟಿ. ಮತ್ತು ಹೆಪ್ಪು ಕರಗಿಸುವ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೊರಡಿ. ನೀವು ಹೇಳುವ ಆ ಗಂಟೆ, ಯಾವ ಯಂತ್ರದ ಚಿತ್ರಕ್ಕೂ ಕಡಿಮೆಯಲ್ಲದ ಮಾಹಿತಿ.